ಕಾಶೀಬಾಯಿಯವರ ಗಿಡ್ಡ ಕುರ್ಚಿ

ಕಾಶೀಬಾಯಿಯವರನ್ನು ನಾನು ಮೊದಲ ಸಲ ನೋಡಿದಾಗ ಅವರು ತಮ್ಮ ಗಂಡನ ಹೆಸರು ಬರೆದಿದ್ದ ಕುರ್ಚಿಯ ಕಾಲುಗಳನ್ನು ಕೊಯ್ಯಿಸುತ್ತಿದ್ದರು. ಜೋಗೇಶ್ವರಿಯ ನಮ್ಮ ಕನ್ನಡ ಶಾಲೆಯ ಹಿಂದಿನ ಅಂಗಳದಲ್ಲಿ ಬಡಗಿ ಆ ಕುರ್ಚಿಯನ್ನು ಬೋರಲು ಹಾಕಿ, ಗರಗಸ ಹಿಡಿದು, ಇನ್ನೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು ಎನ್ನುವಂತೆ ಅವರ ಮುಖ ನೋಡುತ್ತಿದ್ದ. ಅವರು ಅವನ ಎದುರು ಕುಕ್ಕರಗಾಲಲ್ಲಿ ಕುಳಿತು, ಪಕ್ಕದಲ್ಲಿ ನಿಂತಿದ್ದ ಪುಟ್ಟ ಹುಡುಗಿಯ ಮಂಡಿಯ ಮೇಲೆ ಬೆರಳಿಟ್ಟು, "ಇಧರ ತಕ ಕಾಟೋರಿ, ಭಾಯಿ" ಎಂದು ವಿಜಾಪುರದ ಹಿಂದಿಯಲ್ಲಿ ಅಳತೆ ತೋರಿಸಿದರು.

ಕುರ್ಚಿ ಒಳ್ಳೆಯ ಸಾಗುವಾನಿಯದು. ಬೆನ್ನಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ 'ಶ್ರೀ ಭೀಮರಾವ್ ಅವರ ಕೊಡುಗೆ' ಎಂದು ದುಂಡಗೆ ಬರೆದಿತ್ತು. ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಲು ಬಂದಿದ್ದ ನಾನು, ಏನಾದರೂ ಮಾತಾಡಬೇಕಲ್ಲ ಎಂದು, ಕುರ್ಚಿ ಮುರಿದಿದೆಯೇ ಎಂದು ಕೇಳಿದೆ.

"ಮುರದಿಲ್ರೀ ಅಕ್ಕೋರ," ಎಂದರು. "ಎತ್ತರ ಆಗಿತ್ತು."

ವಿಜಾಪುರ, ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆಂಬುದು ಬೆಂಗಳೂರಿನವಳಾದ ನನಗೆ ಆಗ ತಿಳಿದಿರಲಿಲ್ಲ. ನನ್ನ ತಾಯಿಯ ವಯಸ್ಸಿನವರು ನನ್ನನ್ನು ಅಕ್ಕ ಎಂದದ್ದಕ್ಕೆ ಸಂಕೋಚವಾಗಿ ಸುಮ್ಮನೆ ಒಳಗೆ ಹೋದೆ. ಅವರನ್ನು ನಾನು ಏನೆಂದು ಕರೆಯಬೇಕು ಎಂಬುದು ಮಾತ್ರ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಏನೂ ಕರೆಯದೆಯೇ ಮಾತು ಶುರುಮಾಡುವುದನ್ನು ರೂಢಿಸಿಕೊಂಡೆ.

ನಾನು ಬಿ.ಎ. ಮುಗಿಸಿ, ಮಲಾಡಿನಲ್ಲಿದ್ದ ಅಣ್ಣನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಮೇಲಿನ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ಆಸೆಯಿಂದ ಅರ್ಜಿ ಹಾಕಿದ್ದೆ. ಶಾಲೆಯ ಕಾರ್ಯದರ್ಶಿ ಶ್ರೀಕಂಠಯ್ಯನವರು, ಮೈಸೂರಿನವರು, ರೈಲ್ವೆ ಕಚೇರಿಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವರು, ನನ್ನ ಅರ್ಜಿಯನ್ನು ಎರಡು ಸಲ ಓದಿ, "ಸದ್ಯಕ್ಕೆ ಶಿಶುವರ್ಗ ನೋಡಿಕೊಳ್ಳಿ ತಾಯಿ" ಎಂದರು. ಆ 'ಸದ್ಯಕ್ಕೆ' ಶಿಶುವರ್ಗದ ಜೊತೆಗೇ ಹುಟ್ಟಿದ ಮಾತು ಎಂದು ಬೇಗನೆ ತಿಳಿಯಿತು. ಅಲ್ಲಿನ ಕೋಣೆ ಸದ್ಯದ್ದು, ಚಾಪೆಗಳು ಸದ್ಯದವು, ಅಕ್ಕೋರೂ ಸದ್ಯದವರು. ನನ್ನ ಹಿಂದಿನವರು ಮದುವೆಯಾಗಿ ಹೋದ ಮೇಲೆ ಒಂದು ಮಳೆಗಾಲವಿಡೀ ಮೂರನೆಯ ತರಗತಿಯ ದೊಡ್ಡ ಹುಡುಗಿಯರೇ ಸರದಿಯ ಮೇಲೆ ಆ ಮಕ್ಕಳನ್ನು ನೋಡಿಕೊಂಡಿದ್ದರಂತೆ.

ಶಾಲೆ ಇದ್ದದ್ದು ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಚಾಳಿನಲ್ಲಿ. ಮೇಲಿನ ಅಂತಸ್ತು ಪೂರ್ತಿ ನಮ್ಮದು. ಕೆಳಗೆ ಹಿಂಬದಿಯ ಒಂದು ಕೋಣೆ ಮಾತ್ರ ನಮ್ಮದು; ಅದೇ ಶಿಶುವರ್ಗ. ಕೋಣೆಗೆ ಅಂಗಳದ ಕಡೆ ಒಂದು ಬಾಗಿಲು, ಬಾಗಿಲ ಪಕ್ಕ ಒಂದು ನಳ. ಇಡೀ ಶಾಲೆಗೆ ಇದ್ದದ್ದು ಆ ಒಂದೇ ನಳ.

ಮೇಲಿನ ಕೋಣೆಗಳಲ್ಲಿ ಹೆಸರಿಲ್ಲದ ವಸ್ತುವೇ ಇರಲಿಲ್ಲ. ಬೆಂಚುಗಳ ಮೇಲೆ ಹೆಸರು, ಗಡಿಯಾರದ ಕೆಳಗೆ ಹೆಸರು, ಭೂಪಟದ ಕೋಲಿನ ಮೇಲೆ ಹೆಸರು. ಗಂಟೆಯ ಮೇಲೆ ಜಾಗ ಸಾಲದೆ ಹೆಸರು ಸುತ್ತಿಕೊಂಡು ಹಿಂದೆ ಹೋಗಿತ್ತು. ವರ್ಷಕ್ಕೊಮ್ಮೆ ವಾರ್ಷಿಕೋತ್ಸವದ ಮುಂಚೆ ಪೇಂಟರ್ ಬಂದು ಎಲ್ಲ ಹೆಸರುಗಳಿಗೂ ಹೊಸದಾಗಿ ಬಣ್ಣ ಕೊಡುತ್ತಿದ್ದ. ಕೆಳಗೆ ಬಂದರೆ ಅವನಿಗೆ ಕೆಲಸವಿರಲಿಲ್ಲ. ಶಿಶುವರ್ಗಕ್ಕೆ ಬೇಕಾದವು ಜೇಡಿಮಣ್ಣು, ಬಳಪ, ಬಣ್ಣದ ಕಾಗದ, ಸಾಬೂನು, ಚಾಪೆ. ಒಂದು ತಿಂಗಳಲ್ಲಿ ಕರಗಿ ಹೋಗುವ ಸಾಬೂನಿನ ಮೇಲೆ ಯಾರು ಹೆಸರು ಬರೆಸುತ್ತಾರೆ? ಕೊಡುವವರು ಕೆಟ್ಟವರಲ್ಲ. ಊರು ಬಿಟ್ಟು ಬಂದ ನಗರದಲ್ಲಿ ತಮ್ಮ ಹೆಸರು ಕನ್ನಡದಲ್ಲಿ ಒಂದು ಕಡೆ ನಿಲ್ಲಲಿ ಎಂಬ ಆಸೆ, ಅಷ್ಟೆ. ಆ ಆಸೆಗೆ ಬೆಂಚು ಒದಗುತ್ತದೆ, ಜೇಡಿಮಣ್ಣು ಒದಗುವುದಿಲ್ಲ.

ಕಾಶೀಬಾಯಿಯವರು ದಾನಿಗಳ ಮುಂದೆ ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ಸವದು ಹೋಗೂವಂಥಾದ್ದು ಕೊಡ್ರಿ. ಸವೀಲಿಲ್ಲಂದ್ರ ಯಾರೂ ಅದನ್ನ ಮುಟ್ಟಿಲ್ಲಂತ ತಿಳೀರಿ." ಕೇಳಿದವರು ನಕ್ಕು, ಮತ್ತೊಂದು ಬೆಂಚು ಕೊಟ್ಟು ಹೋಗುತ್ತಿದ್ದರು.

ಅವರು ಕಮಿಟಿಗೆ ಬಂದ ಬಗೆಯೇ ವಿಚಿತ್ರ. ಶಾಲೆ ಕಟ್ಟಿದ ಕೆಲವು ಮನೆತನಗಳಿಗೆ ಕಮಿಟಿಯಲ್ಲಿ ಒಂದೊಂದು ಕುರ್ಚಿ. ಅದು ನಿಯಮವೇನಲ್ಲ, ಯಾರೂ ಪ್ರಶ್ನಿಸದ ರೂಢಿ. ಕಾಶೀಬಾಯಿಯವರ ಗಂಡ ಭೀಮರಾಯರು ಬೈಕುಲ್ಲಾದ ಒಂದು ಗಿರಣಿಯ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದರು. ಹತ್ತಿಯ ಧೂಳಿಗೋ ಏನೋ ಉಬ್ಬಸ ಹತ್ತಿ ಕೆಲಸ ಬಿಟ್ಟರು. ಸಭೆಗೆ ಬರುವುದೂ ಆಗಲಿಲ್ಲ. ಮಕ್ಕಳಿರಲಿಲ್ಲ. ಕುರ್ಚಿ ಮನೆತನದಲ್ಲೇ ಉಳಿಯಲಿ ಎಂದು ಕಮಿಟಿಯವರು ಅವರ ಹೆಂಡತಿಯನ್ನು ಕರೆದರು. ವಾರ್ಷಿಕೋತ್ಸವಕ್ಕೆ ಅರಿಸಿನ ಕುಂಕುಮದ ವ್ಯವಸ್ಥೆಯಾದರೂ ಆದೀತು ಎಂಬ ಲೆಕ್ಕ. ಕಾಶೀಬಾಯಿಯವರು ಬಂದವರೇ ಮೊದಲು ಶಾಲೆಗೆ ಹೋಗಿ, ತಮ್ಮ ಮನೆಯ ಕುರ್ಚಿ ಎಲ್ಲಿದೆ ಎಂದು ವಿಚಾರಿಸಿ, ಬಡಗಿಯನ್ನು ಕರೆಸಿದರು.

ಗಂಡನ ಹೆಸರಿನ ಕುರ್ಚಿಗೆ ಹೀಗೆ ಮಾಡಬಹುದೇ ಎಂದು ಕನ್ನಡದ ಮನೆಗಳಲ್ಲೆಲ್ಲ ಮಾತಾಯಿತು. ಯಾರೋ ಭೀಮರಾಯರ ಮುಂದೆಯೇ ಹೇಳಿದರಂತೆ. ಅವರು ಉಸಿರು ಹಿಡಿದು ಹಿಡಿದು, "ನನ್ನ ಕಾಲೇನೂ ಕೊಯ್ಯಿಸಿಲ್ಲಲ್ಲ, ಬಿಡ್ರಿ" ಎಂದರಂತೆ.

ಪ್ರತಿ ಮಂಗಳವಾರ ಬೆಳಿಗ್ಗೆ ಕಾಶೀಬಾಯಿಯವರು ಶಿಶುವರ್ಗಕ್ಕೆ ಬಂದು ಆ ಗಿಡ್ಡ ಕುರ್ಚಿಯಲ್ಲಿ ಕೂರುತ್ತಿದ್ದರು. ದಪ್ಪ ಇಳಕಲ್ ಸೀರೆಯ ಕಚ್ಚೆ ಉಟ್ಟ ತುಂಬು ಶರೀರ. ಕೂತರೆ ಮಂಡಿ ಎದೆಗೆ ಬರುತ್ತಿತ್ತು. ಪಾಠಕ್ಕೆ ಅಡ್ಡ ಬರುತ್ತಿರಲಿಲ್ಲ. ಮೊದಮೊದಲು ನನ್ನನ್ನು ಪರೀಕ್ಷಿಸಲು ಬರುತ್ತಾರೆಂದು ನಾನು ಬಿಗಿಯಾಗಿರುತ್ತಿದ್ದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಮಕ್ಕಳ ಕಣ್ಣಿನ ಮಟ್ಟದಲ್ಲಿ ಕೂತು, ಮಕ್ಕಳು ನೋಡುವುದನ್ನು ನೋಡುತ್ತಿದ್ದರು. ಕಿಟಕಿಯಲ್ಲಿ ಅಲ್ಲಿಂದ ಆಕಾಶ ಕಾಣುವುದಿಲ್ಲ, ಗೋಡೆ ಮಾತ್ರ ಕಾಣುತ್ತದೆ ಎಂದು ಒಂದು ದಿನ ಹೇಳಿದರು. ಮೇಜಿನ ಅಡಿಯಲ್ಲಿ ಮೊಳೆಯೊಂದು ಹೊರಗೆ ಬಂದಿದ್ದುದನ್ನು ಅವರೇ ಕಂಡುಹಿಡಿದರು. ಎಷ್ಟೋ ಫ್ರಾಕುಗಳು ಹರಿದ ಮೇಲೂ ನನಗೆ ಅದು ಕಂಡಿರಲಿಲ್ಲ. ನಳ ಮಕ್ಕಳ ಕೈಗೆ ಎಟುಕದೆ, ನೀರು ಕುಡಿಯಬೇಕಾದಾಗಲೆಲ್ಲ ನಾನೇ ಎತ್ತಿಹಿಡಿಯಬೇಕಿತ್ತು. ಅದನ್ನು ನೋಡಿ, "ನಿಮ್ಮ ಸೊಂಟಾ ಸರಕಾರದ್ದೇನ್ರಿ?" ಎಂದು ಕೇಳಿ, ಮಾರನೆಯ ದಿನ ತಮ್ಮ ಮನೆಯ ಮಣೆಗಳನ್ನು ತಂದು ನಳದ ಕೆಳಗೆ ಒಂದರ ಮೇಲೊಂದು ಇಟ್ಟರು. ಜೇಡಿಮಣ್ಣನ್ನು ಗಣಪತಿ ಮಾಡುವವನಿಂದ ಹಬ್ಬ ಮುಗಿದ ಮೇಲೆ ಕೇಳಿ ತರುತ್ತಿದ್ದರು.

ನನ್ನ ಅಕ್ಷರ ಚೆನ್ನಾಗಿದೆಯೆಂದು ಶ್ರೀಕಂಠಯ್ಯನವರು ಕಮಿಟಿಯ ಠರಾವುಗಳನ್ನು ಬರೆಯಲು ನನ್ನನ್ನು ಕರೆಯುತ್ತಿದ್ದರು. ಸಭೆ ನಡೆಯುತ್ತಿದ್ದದ್ದು ಭಾನುವಾರ ಸಂಜೆ, ಅಧ್ಯಕ್ಷರಾದ ಶೆಟ್ಟರ ಹೋಟೆಲಿನ ಮಹಡಿಯ ಫ್ಯಾಮಿಲಿ ರೂಮಿನಲ್ಲಿ. ಬಿಸಿ ಗೋಳಿಬಜೆ, ಕಾಫಿ ಬರುತ್ತಿತ್ತು. ಶೆಟ್ಟರು ಉಡುಪಿಯ ಕಡೆಯ ಉದಾರಿ. ಶಾಲೆಯ ಬಾಡಿಗೆ ತಡವಾದಾಗಲೆಲ್ಲ ಅವರೇ ಕೈಯಿಂದ ಹಾಕುತ್ತಿದ್ದರು. ಆದರೆ ಕಾಶೀಬಾಯಿಯವರನ್ನು ಬಿಟ್ಟರೆ ಕಮಿಟಿಯವರಲ್ಲಿ ಮಕ್ಕಳಿರುವ ಹೊತ್ತಿನಲ್ಲಿ ಶಾಲೆಯನ್ನು ನೋಡಿದವರು ಯಾರೂ ಇರಲಿಲ್ಲ. ಇನ್ನೊಂದು ಸಂಗತಿ ನನಗೆ ನಿಧಾನವಾಗಿ ಹೊಳೆಯಿತು. ಒಬ್ಬ ಮನುಷ್ಯ ಈ ಊರಿಗೆ ಬಂದು, ನೆಲೆ ನಿಂತು, ನಾಲ್ಕು ಜನಕ್ಕೆ ಗುರುತಾಗಿ ಕಮಿಟಿಯ ಬಾಗಿಲಿಗೆ ಬರುವಷ್ಟರಲ್ಲಿ ಅವನ ಮಕ್ಕಳು ಮೇಲಿನ ತರಗತಿಯಲ್ಲಿರುತ್ತಾರೆ. ಶಿಶುವರ್ಗದಲ್ಲಿ ಮಗುವಿರುವ ಒಬ್ಬರೂ ಆ ಮೇಜಿನ ಸುತ್ತ ಇರಲಿಲ್ಲ.

ಕಾಶೀಬಾಯಿಯವರು ಸಭೆಗೂ ಆ ಕುರ್ಚಿಯಲ್ಲೇ ಕೂರುತ್ತಿದ್ದರು. ಶಾಲೆಯಿಂದ ಹೋಟೆಲಿನವರೆಗೆ, ತರಕಾರಿ ಮಾರುವವರ ನಡುವೆ, ಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಹಮಾಲಿಗಳು, "ಬಾಯಿ, ಆಮ್ಹಿ ಘೇತೊ" ಎಂದು, ತಾವೇ ಹೊರುವವರಂತೆ, ತಮಾಷೆಗೆ ಕೈ ಚಾಚುತ್ತಿದ್ದರು. ಮೇಜಿನ ಮುಂದೆ ಕೂತರೆ ಅವರ ಹಣೆ, ಕುಂಕುಮ, ಕಣ್ಣು ಇಷ್ಟೇ ಕಾಣುತ್ತಿದ್ದವು.

"ಎಂತ ಬಾಯಿಯವರೇ, ನಿಮ್ಮ ತಲೆ ಮಾತ್ರ ಕಾಣುದಲ್ಲ," ಎಂದರು ಶೆಟ್ಟರು ಮೊದಲ ದಿನ.

"ಹುಡುಗರದು ಅದೂ ಕಾಣಂಗಿಲ್ರಿ," ಎಂದು ಉತ್ತರ ಬಂತು.

ಹೆಚ್ಚು ಮಾತಾಡುತ್ತಿರಲಿಲ್ಲ. ಪ್ರತಿ ಠರಾವು ಮುಗಿದ ಮೇಲೆ ಮೇಜಿನಂಚಿನಿಂದ ಒಂದೇ ಪ್ರಶ್ನೆ: "ಸಣ್ಣವರಿಗೇನು ಬಂತ್ರಿ?" ಅದು ಅಜೆಂಡಾದಲ್ಲಿಲ್ಲ ಎಂದು ಶ್ರೀಕಂಠಯ್ಯನವರು ಪ್ರತಿ ಸಲವೂ ವಿನಯದಿಂದಲೇ ಹೇಳುತ್ತಿದ್ದರು.

ಕೊನೆಗೊಂದು ದಿನ ಸಣ್ಣವರು ಅಜೆಂಡಾಕ್ಕೆ ಬಂದರು. ಆದರೆ ಅವರ ಕೋಣೆಯನ್ನು ತೆಗೆದುಕೊಳ್ಳುವುದಕ್ಕೆ. ಶಾಲೆಗೆ ಹೈಸ್ಕೂಲಿನ ಮಾನ್ಯತೆ ಬೇಕಿತ್ತು. ಮಾನ್ಯತೆ ಬಂದರೆ ಸರಕಾರದ ಗ್ರ್ಯಾಂಟು. ಮಾನ್ಯತೆಗೆ ವಿಜ್ಞಾನದ ಕೋಣೆ ಬೇಕು. ವಿಜ್ಞಾನದ ಕೋಣೆಗೆ ನೀರು ಬೇಕು. ನೀರಿದ್ದದ್ದು ಶಿಶುವರ್ಗದ ನಳದಲ್ಲಿ. ಶಿಶುವರ್ಗಕ್ಕೆ ಸರಕಾರ ಏನೂ ಕೊಡುತ್ತಿರಲಿಲ್ಲ. ಮಕ್ಕಳನ್ನು ಮಹಡಿಯ ಮುಂದಿನ ಕೋಣೆಗೆ ಕಳಿಸಿದರಾಯಿತು, ಗಾಳಿ ಬೆಳಕು ಚೆನ್ನಾಗಿದೆ ಎಂದರು ಶ್ರೀಕಂಠಯ್ಯ. ಅವರದು ಹಟವಲ್ಲ. ಏಳನೆಯ ತರಗತಿ ಮುಗಿಸಿದ ನಮ್ಮ ಹುಡುಗಿಯರು ಲೋಕಲ್ಲಿನಲ್ಲಿ ದಾದರಿನವರೆಗೆ ಹೋಗಬೇಕಿತ್ತು. ಎಷ್ಟೋ ಮನೆಗಳಲ್ಲಿ ಅದೇ ಕಾರಣಕ್ಕೆ ಓದು ಬಿಡಿಸುತ್ತಿದ್ದರು. ನಾನು ಬರೆಯುತ್ತ ಕೂತಿದ್ದವಳು, ಅವರ ಮಾತಿನಲ್ಲಿ ತಪ್ಪೇನೂ ಕಾಣದೆ ತಲೆ ತಗ್ಗಿಸಿದೆ.

ಕಾಶೀಬಾಯಿಯವರೂ ಇಲ್ಲ ಅನ್ನಲಿಲ್ಲ. ಸಭೆ ಎಲ್ಲಿ ನಡೆಯಬೇಕೆಂದು ನಿಯಮದಲ್ಲಿದೆ ಎಂದು ಮಾತ್ರ ಕೇಳಿದರು. ನಿಯಮದ ವಿಷಯದಲ್ಲಿ ಸುಳ್ಳು ಹೇಳುವುದು ಶ್ರೀಕಂಠಯ್ಯನವರಿಂದಾಗದು. ಶಾಲೆಯ ಜಾಗದಲ್ಲಿ ಎಂದು ಒಪ್ಪಿಕೊಂಡರು. "ಹಂಗಾರ ಮುಂದಿನದು ಅಲ್ಲೇ ಕೂಡೂಣು. ಶನಿವಾರ ಬೆಳಿಗ್ಗೆ, ಹುಡುಗರಿದ್ದಾಗ." ಗೋಳಿಬಜೆಯ ತಟ್ಟೆಯನ್ನು ನೋಡುತ್ತ ಶೆಟ್ಟರು ನಿಟ್ಟುಸಿರು ಬಿಟ್ಟರು.

ಶನಿವಾರ ಕಮಿಟಿಯವರು ಬಂದಾಗ ಮೇಲಿನ ಕೋಣೆಗಳೆಲ್ಲ ಪಾಠದಿಂದ ತುಂಬಿದ್ದವು. ಕೂರಲು ಜಾಗವಿದ್ದದ್ದು ಶಿಶುವರ್ಗದ ಚಾಪೆಯ ಮೇಲೆ ಮಾತ್ರ. ಇಸ್ತ್ರಿ ಮಾಡಿದ ಪಂಚೆ, ಕೋಟುಗಳಲ್ಲಿ ಅವರು ಗೋಡೆಗೆ ಒರಗಿ ಸಾಲಾಗಿ ಕೂತರು. ಮಕ್ಕಳು ಅವರನ್ನು ಹೊಸದಾಗಿ ಸೇರಿದವರೆಂದು ತಿಳಿದರೋ ಏನೋ, ಒಂದು ಹುಡುಗಿ ಜೇಡಿಮಣ್ಣಿನ ಕೈ ತೊಳೆದು ಬಂದವಳು ನೇರವಾಗಿ ಶೆಟ್ಟರ ಪಂಚೆಗೆ ಒರೆಸಿಕೊಂಡಳು. ಟವೆಲು ಇಲ್ಲವೇ ಎಂದು ಅವರು ನನ್ನನ್ನು ಕೇಳಿದರು. ಇಲ್ಲ ಎಂದೆ.

ಆಮೇಲೆ ಕಾಶೀಬಾಯಿಯವರು ಶ್ರೀಕಂಠಯ್ಯನವರ ಕಡೆ ತಿರುಗಿದರು. "ನೀವ ಒಮ್ಮೆ ಇವರನ್ನ ಮ್ಯಾಲೆ ಕರಕೊಂಡು ಹೋಗಿ ಬರ್ರಿ. ನೀವು ಆಗತದ ಅಂದ್ರ ನಾನು ಸಹಿ ಮಾಡ್ತೀನಿ."

ನ್ಯಾಯವಾದ ಮಾತು ಎಂದು ಶ್ರೀಕಂಠಯ್ಯನವರು ಎದ್ದರು. ಚಾಳಿನ ಮೆಟ್ಟಿಲುಗಳು ಕಡಿದಾದವು, ಮರದವು. ಹಿಡಿದುಕೊಳ್ಳಲು ಕಟ್ಟಿದ್ದ ಹಗ್ಗ ದೊಡ್ಡವರ ಎತ್ತರದಲ್ಲಿತ್ತು. ಅವರು ಎರಡು ಕೈಗೂ ಒಂದೊಂದು ಮಗುವನ್ನು ಹಿಡಿದು ಮುಂದೆ ಹೊರಟರು. ಉಳಿದವರು ಕೈಕಾಲೂರಿ ಹಿಂದೆ ಹತ್ತಿದರು. ಅರ್ಧ ದಾರಿಯಲ್ಲಿ ಸುಶೀಲ ಎಂಬ ಹುಡುಗಿ ಕೂತಳು. ಅವಳು ಹಾಗೆ ಕೂತರೆ ಏಳುವವಳಲ್ಲ ಎಂದು ನನಗೆ ಗೊತ್ತಿತ್ತು, ಶ್ರೀಕಂಠಯ್ಯನವರಿಗೆ ಗೊತ್ತಿರಲಿಲ್ಲ. ಅವರು ಮೊದಲು ಸಮಾಧಾನವಾಗಿ, ಆಮೇಲೆ ಕಾರಣಗಳನ್ನು ವಿವರಿಸಿ ಹೇಳಿದರು. ಅಷ್ಟರಲ್ಲಿ ಮೇಲೆ ಗಂಟೆ ಬಾರಿಸಿ ನಾಲ್ಕನೆಯ ತರಗತಿ ಮೆಟ್ಟಿಲ ತಲೆಗೆ ಬಂದು ನಿಂತಿತು. ಹಿಂದೆ ಪುಟ್ಟ ಮಕ್ಕಳು, ಮುಂದೆ ದೊಡ್ಡ ಮಕ್ಕಳು, ನಡುವೆ ಕಾರ್ಯದರ್ಶಿಗಳು. ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ.

ಕೆಳಗಿನಿಂದ ಶೆಟ್ಟರು ಕೂಗಿ ಕೇಳಿದರು: "ಎಂತ ಶ್ರೀಕಂಠಯ್ಯನವರೇ, ಅಲ್ಲಿ ಕೋರಂ ಉಂಟಾ?"

ಕೊನೆಗೆ ಕಾಶೀಬಾಯಿಯವರೇ ಹತ್ತಿ ಹೋಗಿ ಸುಶೀಲಳ ಪಕ್ಕ ಕೂತರು. ಅವಳು ಅವರ ಕಿವಿಯಲ್ಲಿ ಏನೋ ಹೇಳಿದಳು, ಅವರು ಅವಳನ್ನು ಎತ್ತಿಕೊಂಡು ಇಳಿದರು. ಅವಳಿಗೆ ನೀರು ಬೇಕಿತ್ತು. ಶ್ರೀಕಂಠಯ್ಯನವರು ಕೆಳಗೆ ಬಂದು ಕನ್ನಡಕ ಒರೆಸಿಕೊಂಡು, ಶಿಶುವರ್ಗ ಇದ್ದಲ್ಲೇ ಇರಲಿ, ವಿಜ್ಞಾನದ ಕೋಣೆಯನ್ನೇ ಮೇಲೆ ಮಾಡೋಣ, ಆದರೆ ನಳವನ್ನು ಮೇಲಕ್ಕೆ ಒಯ್ಯುವ ಖರ್ಚಿಗೆ ಯಾರಾದರೂ ಮುಂದೆ ಬರಬೇಕು, ಇಲ್ಲವಾದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ನಾನು ಹಾಗೆಯೇ ಬರೆದೆ.

ಅಂಗಡಿ ಎಂಬ ಅಡ್ಡಹೆಸರಿನ ವ್ಯಾಪಾರಿಯೊಬ್ಬರು ವಿಜ್ಞಾನದ ಕೋಣೆಗೆ ಗಾಜಿನ ಕಪಾಟು ಕೊಡುತ್ತೇನೆಂದು ಮೊದಲೇ ಹೇಳಿದ್ದರು. ಬೆಳಗಾವಿಯವರು, ಬೈಕುಲ್ಲಾದಲ್ಲಿ ಜವಳಿ ಅಂಗಡಿ, ಮಲಾಡಿನಲ್ಲಿ ಮನೆ. ಕಪಾಟಿನ ಬದಲು ನಳ ಕೊಡಿ ಎಂದು ಶೆಟ್ಟರು ಕೇಳಿದ್ದಕ್ಕೆ ಅವರು ಯಾವ ಕಪಟವೂ ಇಲ್ಲದೆ, "ಗ್ವಾಡಿ ಒಳಗಿನ ನಳಕ್ಕ ಹೆಸರು ಎಲ್ಲಿ ಬರೀತೀರಿ?" ಎಂದು ಕೇಳಿದರಂತೆ. ಆಮೇಲೆ ತಾವೇ ಇನ್ನೊಂದು ದಾರಿ ಹೇಳಿದರು. ಹೆಸರು ಬೇಡ, ಕಮಿಟಿಯಲ್ಲಿ ಒಂದು ಕುರ್ಚಿ ಕೊಡಿ, ನಳ ನನ್ನದು.

ಆ ಭಾನುವಾರ ಸಭೆ ಮತ್ತೆ ಹೋಟೆಲಿಗೆ ಬಂದಿತ್ತು. ಅಂಗಡಿಯವರನ್ನೂ ಕರೆದಿದ್ದರು. ಇದ್ದ ಕುರ್ಚಿಗಳೆಲ್ಲ ಮನೆತನದವು. ಒಂದು ಖಾಲಿಯಾದರೆ ಮಾತ್ರ ಅವರಿಗೆ ಜಾಗ. ಎಲ್ಲರೂ ತಮ್ಮ ತಮ್ಮ ಕಾಫಿಯನ್ನು ನೋಡತೊಡಗಿದರು.

"ನಂದು ಕೊಡ್ತೀನಿ," ಎಂದರು ಕಾಶೀಬಾಯಿ.

ನನ್ನ ಪೆನ್ನು ನಿಂತಿತು. ಈ ಕುರ್ಚಿ ಹೋದರೆ ನಳ ಬರುತ್ತದೆ, ಕೋಣೆ ಉಳಿಯುತ್ತದೆ, ನಿಜ. ಆದರೆ ಬರುವ ವರ್ಷ ಇನ್ನೊಂದು ಕಾರಣಕ್ಕೆ ಆ ಕೋಣೆ ಬೇಕೆನಿಸಿದರೆ, ಕೇಳಲು ಯಾರಿರುತ್ತಾರೆ?

ಅವರು ಮಾತು ಮುಗಿಸಿರಲಿಲ್ಲ. "ಆದ್ರ ಅದು ಇನ್ನ ಮ್ಯಾಲೆ ಯಾರ ಮನೀ ಕುರ್ಚಿನೂ ಅಲ್ಲ. ಯಾರ ಕೂಸು ಆ ವರ್ಷ ಶಿಶುವರ್ಗದಾಗ ಇರತದೋ, ಅವರದು. ಹಂಗಂತ ಬರೀರಿ ಅಕ್ಕೋರ."

ಅಂಗಡಿಯವರು ನಕ್ಕರು. "ನನ್ನ ಮಕ್ಕಳಿಗೆ ಮೀಸಿ ಬಂದಾವ್ರೀ ಬಾಯಾರ."

"ಮೊಮ್ಮಗ ಅದಾನಲ್ರಿ. ಹ್ವಾದ ವರ್ಷ ಜಾವಳದ ಊಟಕ್ಕ ನಾನೂ ಬಂದಿದ್ದೆ. ಹೋಳಿಗಿ ಛಲೋ ಆಗಿದ್ವು."

ಆ ಮೊಮ್ಮಗನನ್ನು ಮಲಾಡಿನ ಇಂಗ್ಲಿಷ್ ಶಾಲೆಗೆ ಹಾಕುವುದು ನಿಶ್ಚಯವಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅಂಗಡಿಯವರು ವ್ಯಾಪಾರಸ್ಥರು, ಎದುರಿನವರ ಜಾಣತನವನ್ನು ಮೆಚ್ಚುವುದು ಅವರಿಗೆ ಬರುತ್ತಿತ್ತು. ಇನ್ನೊಂದು ಕಾಫಿ ತರಿಸಿ, ಅದು ಮುಗಿದ ಮೇಲೆ ಆಗಲಿ ಎಂದರು. ಶ್ರೀಕಂಠಯ್ಯನವರು ಠರಾವಿನ ಭಾಷೆಯನ್ನು ಎರಡು ಸಲ ತಿದ್ದಿಸಿದರು.

ಸ್ಟೇಷನ್ನಿಗೆ ನಡೆಯುವಾಗ ನಾನು, ಕೇಳದಿದ್ದರೂ ನಡೆಯುತ್ತಿತ್ತು, ಆದರೂ ಕೇಳಿದೆ: ಇನ್ನು ಸಭೆಯಲ್ಲಿ ಸಣ್ಣವರ ಪರವಾಗಿ ಮಾತಾಡುವವರು ಯಾರು ಎಂದು. ಅವರು ಕುರ್ಚಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ನಾನು ಕೇಳಿದ್ರ ಬಾಯಿ ಬಡಕಿ ಅಂತಾರ. ತನ್ನ ಕೂಸು ಕೂಡೂ ಚಾಪಿ ನೋಡಿದಾಂವ ಕೇಳಿದ್ರ ಹಂಗ ಅನ್ನಂಗಿಲ್ಲ."

ಅಂಗಡಿಯವರ ಮೊಮ್ಮಗ ಬಾಬು ಮೊದಲ ವಾರವೆಲ್ಲ ಅತ್ತ. ಅಜ್ಜ ಎದ್ದರೆ ಅವನೂ ಎದ್ದು ಹೊರಡುತ್ತಿದ್ದ. ಹೀಗಾಗಿ ಅಂಗಡಿಯವರು ಬೈಕುಲ್ಲಾದ ಅಂಗಡಿಯನ್ನು ಮಗನಿಗೆ ಬಿಟ್ಟು, ಕರಿ ಟೋಪಿ, ಉದ್ದ ಕೋಟಿನಲ್ಲಿ ಬೆಳಗಿನ ಹೊತ್ತೆಲ್ಲ ನನ್ನ ತರಗತಿಯಲ್ಲಿ ಕೂತರು. ಚಾಪೆಯ ಮೇಲೆ ಸೊಂಟ ಹಿಡಿಯಿತೆಂದು ಗಿಡ್ಡ ಕುರ್ಚಿಗೆ ಬಂದರು. ಅಲ್ಲಿಂದ ಅವರಿಗೂ ಕಿಟಕಿಯಲ್ಲಿ ಗೋಡೆ ಮಾತ್ರ ಕಂಡಿತು. ವಾರ ಕಳೆಯುವುದರೊಳಗೆ ಹೊಸ ಚಾಪೆಗಳು ಬಂದವು. ಮಹಡಿಗೆ ನಳ ಹಾಕಲು ಬಂದ ಕೆಲಸಗಾರರಿಗೆ ಹೇಳಿ, ಕೆಳಗೂ ಮೋಟು ನಳವೊಂದನ್ನು ಬಾಬುವಿನ ಸೊಂಟದ ಮಟ್ಟಕ್ಕೆ ಹಾಕಿಸಿದರು. ಕಾಶೀಬಾಯಿಯವರ ಮಣೆಗಳು ಮನೆಗೆ ಮರಳಿದವು. ಟವೆಲುಗಳನ್ನು ಅಂಗಡಿಯಿಂದಲೇ ತಂದರು. ಮೂಲೆಯಲ್ಲಿ ಹೆಸರು ಹೊಲಿಸೋಣವೇ ಎಂದು ಕೇಳಿದರು. ಆಮೇಲೆ ತಾವೇ ಬೇಡ ಬಿಡಿ ಎಂದರು.

ಹೊಸ ಠರಾವಿನಂತೆ ನಡೆದ ಮೊದಲ ಸಭೆಯಲ್ಲಿ ಲೈಬ್ರರಿಯ ಪುಸ್ತಕಗಳ ವಿಷಯ ತೀರ್ಮಾನವಾದ ಮೇಲೆ ಅಂಗಡಿಯವರು ಕೆಮ್ಮಿ, "ಅದಿರಲಿ, ಸಣ್ಣವರಿಗೇನ್ರಿ?" ಎಂದರು. ಶ್ರೀಕಂಠಯ್ಯನವರು ನನ್ನ ಕಡೆ ನೋಡಿದರು. ಅಜೆಂಡಾದಲ್ಲಿಲ್ಲ ಎಂದು ಹೇಳಲಿಲ್ಲ.

ಅದೇ ಸಭೆಗೆ, ಎಲ್ಲರೂ ಕೂತ ಸ್ವಲ್ಪ ಹೊತ್ತಿಗೆ, ಕಾಶೀಬಾಯಿಯವರೂ ಬಂದಿದ್ದರು. ರೂಢಿ ಕಾಲನ್ನು ಎಳೆದು ತಂದಿತ್ತೋ ಏನೋ, ಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಫ್ಯಾಮಿಲಿ ರೂಮಿನ ಬಾಗಿಲಿನಲ್ಲಿ ನಿಂತರು. ಶ್ರೀಕಂಠಯ್ಯನವರು ಎದ್ದು ನಿಂತು, "ತಾಯಿ..." ಎಂದು ಅಲ್ಲಿಗೇ ನಿಲ್ಲಿಸಿದರು. ಸದಸ್ಯರಲ್ಲದವರು ಸಭೆಯಲ್ಲಿ ಕೂರುವಂತಿಲ್ಲ ಎಂಬುದು ಅವರೇ ಬರೆದ ನಿಯಮ. ಶೆಟ್ಟರು ಒಂದು ಕಾಫಿ ಹೇಳಿದರು.

"ನಾನು ಕುರ್ಚಿ ಕೊಡಾಕ ಬಂದಿದ್ದೆ," ಎಂದರು ಕಾಶೀಬಾಯಿ. ಅದನ್ನು ಬಾಗಿಲ ಪಕ್ಕ ಇಟ್ಟು, ಸೆರಗಿನಿಂದ ಒಮ್ಮೆ ಒರೆಸಿ, ಕಾಫಿ ಬರುವ ಮೊದಲೇ ಇಳಿದು ಹೋದರು. ಹೋಟೆಲಿನ ಕಬ್ಬಿಣದ ಮೆಟ್ಟಿಲುಗಳ ಮೇಲೆ ಅವರ ಹೆಜ್ಜೆಯ ಸದ್ದು ಕೊನೆಯವರೆಗೂ ನನಗೆ ಕೇಳಿಸಿತು. ಮಂಗಳವಾರದ ಹೊತ್ತಿಗೆ ಕುರ್ಚಿ ಶಾಲೆಗೆ ಮರಳಿತ್ತು; ಅವರೂ ಎಂದಿನಂತೆ ತರಗತಿಗೆ ಬಂದರು.

ವರ್ಷ ತಿರುಗಿ ಬಾಬು ಒಂದನೆಯ ತರಗತಿಗೆ ಹೋದ. ಅಂಗಡಿಯವರಿಗೆ ಕುರ್ಚಿ ಬಿಡುವುದು ಕಷ್ಟವಾಯಿತು. ಮೊಮ್ಮಗನನ್ನು ಇನ್ನೊಂದು ವರ್ಷ ಶಿಶುವರ್ಗದಲ್ಲೇ ಇಟ್ಟುಕೊಳ್ಳಲು ಬರುತ್ತದೆಯೇ ಎಂದು ನನ್ನನ್ನು ಬೇರೆಯಾಗಿ ಕರೆದು ವಿಚಾರಿಸಿದರು. ಅವನಿಗೆ ಓದಲು ಬರುತ್ತದೆ ಎಂದೆ. ಜಾಗಕ್ಕೆ ಮಂಗಳೂರು ಕಡೆಯ ಟ್ಯಾಕ್ಸಿ ಡ್ರೈವರೊಬ್ಬರು ಬಂದರು. ಅವರು ಮೊದಲ ಸಭೆಯಲ್ಲಿ ಏನೂ ಮಾತಾಡಲಿಲ್ಲ. ಎರಡನೆಯ ಸಭೆಯಲ್ಲಿ ಸಾಬೂನಿನ ವಿಷಯ ಎತ್ತಿದರು.

ಭೀಮರಾಯರ ಉಬ್ಬಸ ಆ ಮಳೆಗಾಲದಲ್ಲಿ ಹೆಚ್ಚಾಯಿತು. ಒಣ ಹವೆಯ ಕಡೆ ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಹೆಂಡತಿ ವಿಜಾಪುರಕ್ಕೆ ಹೊರಟರು. ದಾದರ್ ಸ್ಟೇಷನ್ನಿಗೆ ಬೀಳ್ಕೊಡಲು ಹೋಗಿದ್ದೆ. ಭೀಮರಾಯರನ್ನು ನಾನು ಮಾತಾಡಿಸಿದ್ದು ಅದೇ ಮೊದಲು. ಟ್ರಂಕಿನ ಮೇಲೆ ಕೂತು, ಮಫ್ಲರಿನೊಳಗಿಂದ, ಆ ಕುರ್ಚಿಯ ಮೇಲೆ ತಮ್ಮ ಹೆಸರು ಇನ್ನೂ ಇದೆಯೇ ಎಂದು ಕೇಳಿದರು.

ಸಮಾಧಾನಕ್ಕೆ ಇದೆ ಎನ್ನಬಹುದಿತ್ತು. ನನಗೆ ಹಾಗೆ ಹೇಳಲು ಬರುವುದಿಲ್ಲ. ಮಕ್ಕಳು ಒರಗಿ ಒರಗಿ ಹಿಂದಿನ ಮುಂದಿನ ಅಕ್ಷರಗಳೆಲ್ಲ ಅಳಿಸಿವೆ, 'ರಾವ್' ಮಾತ್ರ ಕಾಣುತ್ತದೆ ಎಂದೆ. ಅವರಿಗೆ ನಗಲು ಹೋಗಿ ಕೆಮ್ಮು ಬಂತು. ಕಾಶೀಬಾಯಿಯವರು ಅವರ ಬೆನ್ನು ತಿಕ್ಕುತ್ತ ನನ್ನ ಕಡೆ ನೋಡಿದರು.

"ಹಂಗಾರ ಬಳಕಿ ಆಗೇದ ಬಿಡ್ರಿ," ಎಂದರು.

ಗಾಡಿ ಬಂತು. ಸಾಮಾನು ಏರಿಸುವ ಗಡಿಬಿಡಿಯಲ್ಲಿ ಬೇರೆ ಮಾತು ಆಗಲಿಲ್ಲ. ಕಿಟಕಿಯಿಂದ ಅವರು, "ಅಕ್ಕೋರ, ಕಿಡಕಿ ಮುಂದಿನ ಗ್ವಾಡಿಗೆ ಒಂದೀಟು ಸುಣ್ಣಾ ಹಚ್ಚಸ್ರಿ, ಬೆಳಕರ ಬರಲಿ" ಎಂದದ್ದು ನೆನಪಿದೆ. ಆಮೇಲೆ ಅವರನ್ನು ನಾನು ನೋಡಿಲ್ಲ.

ಈ ವರ್ಷವೂ ವಾರ್ಷಿಕೋತ್ಸವಕ್ಕೆ ಮುಂಚೆ ಪೇಂಟರ್ ಬಂದ. ಬೆಂಚು, ಗಡಿಯಾರ, ಗಂಟೆ, ವಿಜ್ಞಾನದ ಕೋಣೆಯ ಕಪಾಟು ಎಲ್ಲ ಮುಗಿಸಿಕೊಂಡು, ಬಿಳಿ ಬಣ್ಣದ ಡಬ್ಬಿ ಹಿಡಿದು ಕೆಳಗಿಳಿದು ಬಂದ. ಸುಣ್ಣ ಹಚ್ಚಿದ ಗೋಡೆಯಿಂದ ಬೆಳಕು ಒಳಗೆ ಬರುತ್ತಿತ್ತು. ಗಿಡ್ಡ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕಾಲು ನೆಲಕ್ಕೆ ಊರಿ ಕೂತು, ಜೇಡಿಮಣ್ಣಿನಲ್ಲಿ ಏನೋ ಮಾಡುತ್ತಿದ್ದಳು. ಏಳು ಎಂದರೆ ಏಳಲಿಲ್ಲ. ಪೇಂಟರ್ ಹಿಂದಿನಿಂದ ಬಗ್ಗಿ ಹಲಗೆಯನ್ನು ನೋಡಿದ. ಈಗ ಅಲ್ಲಿ ಏನೂ ಉಳಿದಿಲ್ಲ. ಇದಕ್ಕೆ ಯಾರ ಹೆಸರು ಬರೆಯಬೇಕು ಎಂದು ಕೇಳಿದ.

ಅದು ಬಳಕೆಯಲ್ಲಿದೆ, ಬಿಡು ಎಂದೆ.